ಪಾಠದ ನಡುವೆ ಬಂದ ಪ್ರಶ್ನೆ

ಸೂರ್ಯೋದಯವಾಗಿ ಜಾವ ಕಳೆಯುವಷ್ಟರಲ್ಲಿ ಪೊನ್ನವತಿಯ ರಾಜಬೀದಿ ತುಂಬಿ ಹರಿಯುತ್ತಿತ್ತು. ಪೂರ್ವದ ಹೆಬ್ಬಾಗಿಲಿನಿಂದ ಮೆಣಸಿನ ಹೇರು ಹೊತ್ತ ಎತ್ತುಗಳು ಕೊರಳ ಗಂಟೆ ಅಲ್ಲಾಡಿಸುತ್ತ ಒಳಬರುತ್ತಿದ್ದವು. ಕಂಚುಗಾರರ ಕೇರಿಯ ಸುತ್ತಿಗೆಯ ಸದ್ದು ಕೋಟೆಯ ಗೋಡೆಗೆ ಬಡಿದು ಮರುದನಿಯಾಗುತ್ತಿತ್ತು. ದೇಗುಲದ ಮೆಟ್ಟಿಲ ಮೇಲೆ ಹೂವಾಡಗಿತ್ತಿಯರು ಸುರಗಿಯ ದಂಡೆಗಳನ್ನು ಒದ್ದೆ ಬಟ್ಟೆಯಲ್ಲಿ ಮುಚ್ಚಿಟ್ಟು ಕುಳಿತಿದ್ದರು. ಆದರೆ ಕೋಟೆಯ ಉತ್ತರದ ಮೂಲೆಯತ್ತ ಮಾತ್ರ ಯಾರೂ ಕಣ್ಣೆತ್ತುತ್ತಿರಲಿಲ್ಲ. ಅಲ್ಲಿ ಸೂರಿಲ್ಲದ ಕರಿಗೋಡೆಗಳು ನಿಂತಿದ್ದವು. ಮೂರು ವರ್ಷಗಳ ಹಿಂದೆ ಅರಸ ಇಂದರಸನೂ ರಾಣಿ ಪದ್ಮಲದೇವಿಯೂ ಬೆಂದುಹೋದ ಅರಮನೆ ಅದು. ಬುದ್ಧಿಭ್ರಮಣೆಯಾದ ರಾಣಿಯೇ ಬೆಂಕಿಯಿಟ್ಟಳೆಂದು ಡಂಗುರ ಸಾರಲಾಗಿತ್ತು. ಬೆಂಕಿ ಆರುವ ಮೊದಲೇ ಸಿಂಹಾಸನವೇರಿದ ದಂಡನಾಯಕ ಕಾಟರಸನ ಕಡೆಯವರ ಹೊರತು ಆ ಮಾತನ್ನು ಯಾರೂ ನಂಬಿರಲಿಲ್ಲ. ನಂಬಲಿಲ್ಲವೆಂದು ಬಾಯಿಬಿಟ್ಟು ಹೇಳುವ ಧೈರ್ಯವೂ ಯಾರಿಗೂ ಇರಲಿಲ್ಲ.

ಏಳು ವರ್ಷದ ರಾಜಕುಮಾರ ಮಾಚರಸನ ದೇಹ ಮಾತ್ರ ಆ ಬೂದಿಯಲ್ಲಿ ಸಿಕ್ಕಿರಲಿಲ್ಲ.

ಹೊಳೆಯ ದಂಡೆಯ ರಾಜಪಾಠಶಾಲೆಯಲ್ಲಿ ಅಂದು ಎಂದಿನಂತೆ ಪಾಠ ನಡೆದಿತ್ತು. ಉಪಾಧ್ಯಾಯ ಏಚಿಮಯ್ಯರ ಪಾಠಕ್ಕೆ ನಾಡಿನಲ್ಲೆಲ್ಲ ಹೆಸರಿತ್ತು. ವರ್ಷಕ್ಕೊಮ್ಮೆ ಪಂಡಿತರ ಮುಂದೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಪರೀಕ್ಷಿಸುವ ಪದ್ಧತಿ ಅವರಿಗೆ ಹಿಡಿಸಿರಲಿಲ್ಲ. ಕತೆ ಹೇಳುತ್ತಿರುವಾಗ, ಲೆಕ್ಕ ಬಿಡಿಸುತ್ತಿರುವಾಗ, ಒಮ್ಮೊಮ್ಮೆ ಊಟದ ಎಲೆಯ ಮುಂದೆ ಕೂಡ, ಯಾವ ಸೂಚನೆಯೂ ಇಲ್ಲದೆ ಒಬ್ಬನ ಹೆಸರು ಕೂಗಿ ಪ್ರಶ್ನೆ ಕೇಳುವರು. ತಿಳಿದವನು ಥಟ್ಟನೆ ಉತ್ತರಿಸಬೇಕು. ತಿಳಿಯದವನು ‘ಅರಿಯೆ’ ಎನ್ನಬೇಕು. ಹಾಗೆಂದವನಿಗೆ ಬೆತ್ತವಿಲ್ಲ, ಗೇಲಿಯಿಲ್ಲ. ಅವನಿಗಾಗಿ ಅದೇ ಪಾಠ ಮತ್ತೆ ಮೊದಲಿನಿಂದ. “ನಿಮ್ಮನ್ನು ಸಿಕ್ಕಿಸಲು ಕೇಳುವುದಲ್ಲ. ನನ್ನ ಪಾಠ ಯಾರನ್ನು ಮುಟ್ಟಿಲ್ಲವೆಂದು ನನಗೆ ಗೊತ್ತಾಗಬೇಡವೇ?” ಎನ್ನುವರು. ಹೀಗಾಗಿ ಆ ಶಾಲೆಯ ಹುಡುಗರಿಗೆ ಉಪಾಧ್ಯಾಯರ ಪ್ರಶ್ನೆ ಕಿವಿಗೆ ಬಿದ್ದೊಡನೆ ಇದ್ದದ್ದನ್ನು ಇದ್ದಂತೆ ನುಡಿಯುವುದು ಉಸಿರಾಟದಷ್ಟೇ ಸಹಜವಾಗಿತ್ತು.

ಆ ಬೆಳಗ್ಗೆ ಕುದುರೆಗಳ ಸದ್ದು ಕೇಳಿಸಿತು. ಕಾಟರಸನ ಬಲಗೈಯಾದ ಪೆರ್ಗಡೆ ಮಲ್ಲಪಯ್ಯ ಅಂಗಳದಲ್ಲಿಳಿದು, ಭಟರನ್ನು ಬಾಗಿಲುಬಾಗಿಲಿಗೆ ನಿಲ್ಲಿಸಿ, ಉಪಾಧ್ಯಾಯರನ್ನು ಜಗಲಿಗೆ ಕರೆದನು.

“ಉಪಾಧ್ಯಾಯರೇ, ಕುಮಾರನಿಗೆ ಹಾಲೂಡಿಸಿದ ದಾದಿ ನಿನ್ನೆ ನಮ್ಮ ಕೈಗೆ ಸಿಕ್ಕಳು. ಸಾಯುವ ಮುನ್ನ ಕೆಲವು ಮಾತು ಹೇಳಿದಳು. ಬೆಂಕಿ ಬಿದ್ದ ಮರುದಿನ ಬೆಳಗ್ಗೆ ವೃದ್ಧ ಪ್ರಧಾನ ದಾಮೋದರಯ್ಯನ ಪಲ್ಲಕ್ಕಿ ಈ ಅಂಗಳಕ್ಕೆ ಬಂದಿತ್ತಂತೆ.”

ದಾಮೋದರಯ್ಯ ಸೆರೆಮನೆಯಲ್ಲಿ ತುಟಿಬಿಚ್ಚದೆ ಸತ್ತಿದ್ದನು. ಆ ಗುಟ್ಟು ಈಗ ಉಳಿದಿದ್ದುದು ಉಪಾಧ್ಯಾಯರಲ್ಲಿ, ಅವರ ಹೆಂಡತಿ ದೇಕವ್ವೆಯಲ್ಲಿ, ಮತ್ತು ‘ನಾಕಣ’ನೆಂಬ ಹೆಸರಿನಲ್ಲಿ ಒಳಗೆ ಓಲೆಗರಿ ಹಿಡಿದು ಕುಳಿತಿದ್ದ ಆ ಹುಡುಗನಲ್ಲಿ ಮಾತ್ರ.

“ಬೆಂಕಿಯ ನಂತರ ಸೇರಿದ ಅನಾಥ ಹುಡುಗರು ಕೆಲವರಿದ್ದಾರೆ,” ಮಲ್ಲಪಯ್ಯ ಮುಂದುವರಿಸಿದನು. “ಅವರಲ್ಲೊಬ್ಬ ಕುಮಾರ. ನಾನು ಗದರಿಸಿ ಕೇಳಿದರೆ ಮಕ್ಕಳು ಹೆದರಿ ಮೂಕರಾಗುತ್ತಾರೆ. ತಾವು ಕೇಳಿದರೆ ಯೋಚಿಸದೆ ನಿಜ ನುಡಿಯುತ್ತಾರೆಂದು ಊರೇ ಹೇಳುತ್ತದೆ. ಪಾಠ ಮಾಡುತ್ತ ನಡುವೆ ಕೇಳಿ: ರಾಣಿಯ ಕೈತೋಟದ ಜಿಂಕೆಮರಿಗೆ ಏನೆಂದು ಹೆಸರಿಟ್ಟಿದ್ದರು?”

“ನಾನು ಒಲ್ಲೆನೆಂದರೆ?”

“ಸಂಜೆಯೊಳಗೆ ಅನಾಥರೆಲ್ಲರ ತಲೆ ಬೀಳುತ್ತದೆ. ಅವರಿಗಾಗಿ ಕೇಳುವವರು ಯಾರೂ ಇಲ್ಲವಲ್ಲ.”

ಹುಡುಗನನ್ನು ಎಚ್ಚರಿಸಲು ಒಂದು ಕ್ಷಣವೂ ಇರಲಿಲ್ಲ. ಸುಳ್ಳಾಡಬಾರದೆಂದು ತಾವೇ ಕಲಿಸಿದ ಮಗುವನ್ನು ಇಂದು ತಮ್ಮ ಬಾಯಿಂದಲೇ ಹಿಡಿದುಕೊಡಬೇಕಾಗಿತ್ತು. ಅವರು ಒಳನಡೆದರು. ಮಲ್ಲಪಯ್ಯ ಕಂಬಕ್ಕೊರಗಿ ನಿಂತನು.

ಅವರು ಲೆಕ್ಕ ಹೇಳಿದರು, ವ್ಯಾಕರಣ ಹೇಳಿದರು, ಏನು ಹೇಳಿದರೆಂಬುದು ಅವರಿಗೇ ತಿಳಿಯಲಿಲ್ಲ. ಕೊನೆಗೆ ಒಬ್ಬೊಬ್ಬರನ್ನಾಗಿ ಕರೆದು ಕೇಳತೊಡಗಿದರು. “ಅರಿಯೆ,” ಎಂದ ಮೊದಲನೆಯವನು. “ಅರಿಯೆ,” ಎಂದು ಇನ್ನೊಬ್ಬನು ನಕ್ಕನು.

“ನಾಕಣ! ರಾಣಿಯ ತೋಟದ ಜಿಂಕೆಮರಿಯ ಹೆಸರೇನು?”

ಹುಡುಗನ ತುಟಿಗಳು ತೆರೆದವು. ಆ ಹೆಸರು ಅವನ ನಾಲಗೆಯ ತುದಿಗೆ ಬಂದದ್ದನ್ನು ಉಪಾಧ್ಯಾಯರು ಕಂಡರು. ಅಷ್ಟರಲ್ಲಿ ಹುಡುಗನ ಕಣ್ಣು ಅವರ ಕೈಯ ಮೇಲೆ ಬಿತ್ತು. ಎಂದೂ ತಪ್ಪದ ಆ ಕೈ ಓಲೆಗರಿಯನ್ನು ತಲೆಕೆಳಗಾಗಿ ಹಿಡಿದಿತ್ತು.

“ಅರಿಯೆ,” ಎಂದನು ನಾಕಣ.

ಆದರೆ ಉತ್ತರ ತುಸು ತಡವಾಗಿತ್ತು. ಮಲ್ಲಪಯ್ಯ ಕಂಬ ಬಿಟ್ಟು ಮುಂದೆ ಬಂದನು. ಹುಡುಗನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಮೆಲುದನಿಯಲ್ಲಿ ಕೇಳಿದನು: “ರಾಣಿ ಹುಚ್ಚಿಯಾಗಿದ್ದಳಂತೆ. ಬೆಂಕಿಯಿಟ್ಟು ನಗುತ್ತಿದ್ದಳಂತೆ. ಹೌದೇನೋ?”

ನಾಕಣನ ಮುಖ ಬಿಳಿಚಿಕೊಂಡಿತು. ಕಣ್ಣಿಂದ ನೀರು ಬಳಬಳನೆ ಇಳಿಯಿತು.

“ಅವನನ್ನು ಬಿಡಿ, ಪೆರ್ಗಡೆಯವರೇ!” ಏಚಿಮಯ್ಯರ ದನಿ ಕೋಣೆಯನ್ನೆಲ್ಲ ತುಂಬಿತು. “ಅವನ ತಾಯಿ ರಾಣಿಯ ದಾಸಿ. ಅದೇ ಬೆಂಕಿಯಲ್ಲಿ ಸತ್ತಳು. ಅಳದೆ ಇನ್ನೇನು ಮಾಡಿಯಾನು?”

ಮಲ್ಲಪಯ್ಯ ಏಳದೆ, ತಿರುಗದೆ, ಬಾಣ ಬಿಟ್ಟಂತೆ ಕೇಳಿದನು: “ಹಾಗಾದರೆ ಕುಮಾರನೆಲ್ಲಿ?”

“ಸತ್ತನು. ಹಿತ್ತಲ ಹೊಂಗೆಯ ಬುಡದಲ್ಲಿ ಹೂಳಿದ್ದೇನೆ.”

ಉಸಿರೆಳೆಯುವಷ್ಟು ಕೂಡ ತಡವಿಲ್ಲದೆ ಬಂದ ಉತ್ತರವದು. ಮೂರು ವರ್ಷಗಳಿಂದ ಆ ಪ್ರಶ್ನೆಯನ್ನು ಏಚಿಮಯ್ಯರು ತಮಗೆ ತಾವೇ ಕೇಳಿಕೊಂಡು ಬಂದಿದ್ದರು. ಸ್ನಾನದ ನಡುವೆ, ಜಪದ ನಡುವೆ, ತುತ್ತು ಬಾಯಿಗಿಡುವಾಗ, ಸೂಚನೆಯಿಲ್ಲದೆ. ಎಂದಾದರೂ ಯಾರಾದರೂ ಹೀಗೆಯೇ ಕೇಳುವರೆಂದು ಅವರಿಗೆ ಗೊತ್ತಿತ್ತು.

“ಪ್ರಧಾನರು ತಂದಾಗಲೇ ಮೈಯೆಲ್ಲ ಬೆಂದಿತ್ತು,” ಎಂದರು. “ಎರಡು ದಿನ ನರಳಿತು ಮಗು. ಮುಚ್ಚಿಟ್ಟದ್ದು ನನ್ನ ಅಪರಾಧ. ಶಿಕ್ಷೆ ನನಗಿರಲಿ.”

ಭಟರು ಅವರ ಕೈಗಳನ್ನು ಹಿಂದಕ್ಕೆ ಕಟ್ಟಿದರು. ಅಷ್ಟರಲ್ಲಿ ನಾಕಣ ಎದ್ದು ನಿಂತನು. “ಇಲ್ಲ! ನಾನು...”

“ನಾಕಣ!” ಉಪಾಧ್ಯಾಯರು ಗುಡುಗಿದರು. “‘ನಾಡಿಂಗೆ’ ಎಂಬಲ್ಲಿ ವಿಭಕ್ತಿ ಯಾವುದು?”

“ಚತುರ್ಥಿ,” ಎಂದಿತು ಹುಡುಗನ ನಾಲಗೆ, ಅವನಿಗರಿವಿಲ್ಲದೆಯೇ.

“ಅರ್ಥ?”

“ಸಂಪ್ರದಾನ, ಉಪಾಧ್ಯಾಯರೇ. ಕೊಡುವುದು.”

“ಸರಿ. ಕುಳಿತುಕೋ.”

ಹುಡುಗ ಅವರನ್ನೇ ನೋಡಿದನು. ಅವರ ಕಣ್ಣಿನಲ್ಲಿದ್ದದ್ದು ಆಜ್ಞೆಯಲ್ಲ, ಯಾಚನೆ. ಅವನು ಕುಳಿತನು. “ಕೈ ಕಟ್ಟಿಸಿಕೊಂಡರೂ ಪಾಠ ಬಿಡನಲ್ಲ ಈ ಮುದುಕ!” ಎಂದು ಮಲ್ಲಪಯ್ಯ ನಕ್ಕನು.

ಹೊಂಗೆಯ ಬುಡದಲ್ಲಿ ಮಲಗಿದ್ದುದು ಏಚಿಮಯ್ಯ ದೇಕವ್ವೆಯರ ಒಬ್ಬನೇ ಮಗ, ಕುಮಾರನ ಓರಗೆಯವನು. ಬೆಂಕಿ ಬಿದ್ದ ಅದೇ ತಿಂಗಳು ಜ್ವರದಿಂದ ತೀರಿಕೊಂಡಿದ್ದನು. ಕೋಟೆಯ ಬಾಗಿಲುಗಳು ಮುಚ್ಚಿ, ನಾಲ್ಕು ಜನ ಕೂಡಿದರೆ ಭಟರು ಚದರಿಸುತ್ತಿದ್ದ ದಿನಗಳವು. ಉಪನಯನವಾಗದ ಮಗುವನ್ನು ಗಂಡಹೆಂಡಿರಿಬ್ಬರೇ ಹಿತ್ತಲಲ್ಲಿ ಮಣ್ಣುಮಾಡಿದ್ದರು. ಕುಮಾರನ ನಡುವಿನಲ್ಲಿದ್ದ ಶಂಖಲಾಂಛನದ ಚಿನ್ನದ ಉಡಿದಾರವನ್ನು ಎಲ್ಲಿ ಬಚ್ಚಿಡುವುದೆಂದು ತಿಳಿಯದೆ, ಯಾರೂ ಅಗೆಯದ ಜಾಗ ಇದೊಂದೇ ಎಂದು, ಏಚಿಮಯ್ಯರು ಅದನ್ನು ಮಗನ ಸೊಂಟಕ್ಕೆ ಕಟ್ಟಿದ್ದರು. ಹೆತ್ತ ಮಗನ ಸಾವಿನಲ್ಲೂ ಅರಮನೆಯ ಕೆಲಸವೇ ಎಂದು ದೇಕವ್ವೆ ತಿಂಗಳುಗಟ್ಟಲೆ ಗಂಡನೊಡನೆ ಮಾತು ಬಿಟ್ಟಿದ್ದಳು.

ಈಗ ಅವಳು ಅಡುಗೆಮನೆಯಲ್ಲಿ ಮಕ್ಕಳಿಗಾಗಿ ಅಂಬಲಿ ಕಾಯಿಸುತ್ತಿದ್ದಳು. ಭಟನೊಬ್ಬ ತೋಳು ಹಿಡಿದು ಹಿತ್ತಲಿಗೆ ಎಳೆತಂದನು. ಮಕ್ಕಳನ್ನೂ ಅಲ್ಲಿ ನಿಲ್ಲಿಸಿದ್ದರು. ಗಂಡನ ಕೈಗಳು ಕಟ್ಟಿದ್ದವು. ಅವರು ನೆಲ ನೋಡುತ್ತಿದ್ದರು. ಗುದ್ದಲಿಯ ಸದ್ದು ಎದ್ದ ಕಡೆ ನೋಡಿದವಳು ಅಲ್ಲಿಯೇ ಕಲ್ಲಾದಳು.

“ಯಾರೂ ಅವಳೊಡನೆ ಮಾತಾಡಕೂಡದು,” ಎಂದನು ಮಲ್ಲಪಯ್ಯ.

ಮಣ್ಣು ಸರಿಯಿತು. ಚಿನ್ನ ಹೊಳೆಯಿತು. ಭಟನು ಉಡಿದಾರವನ್ನೆತ್ತಿದಾಗ ಅದಕ್ಕೆ ಅಂಟಿದ್ದ ಚಿಕ್ಕ ಎಲುಬೊಂದು ಮತ್ತೆ ಗುಂಡಿಗೆ ಬಿತ್ತು. ಮಲ್ಲಪಯ್ಯ ಗುಂಡಿಯನ್ನು ನೋಡದೆ, ದೇಕವ್ವೆಯ ಮುಖವನ್ನೇ ನೋಡುತ್ತಿದ್ದನು.

“ಇದು ಯಾರ ಎಲುಬು?”

ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ಅವಳ ನೋಟ ಗುಂಡಿಯಿಂದ ಗಂಡನತ್ತ ಹೋಯಿತು, ಅವರು ತಲೆಯೆತ್ತಲಿಲ್ಲ. ಅಲ್ಲಿಂದ ಮಕ್ಕಳ ಸಾಲಿಗೆ ಹೋಯಿತು. ಅಲ್ಲಿ ನಾಕಣ ತನ್ನ ಉಡುಪನ್ನು ಎರಡೂ ಕೈಯಿಂದ ಹಿಂಡುತ್ತ ನಿಂತಿದ್ದನು. ಅವಳಿಗೆ ಎಲ್ಲವೂ ತಿಳಿಯಿತು.

“ಅರಮನೆಯ ಮಗುವಿನದು, ಒಡೆಯ,” ಎಂದಳು.

“ನಿನಗೂ ಒಬ್ಬ ಮಗನಿದ್ದನಂತೆ. ಅದೇ ತಿಂಗಳು ಸತ್ತನಂತೆ. ಅವನೆಲ್ಲಿ?”

“ಹೊಳೆಗೆ ಬಿಟ್ಟೆವು.”

“ಸುಳ್ಳು!” ಮಲ್ಲಪಯ್ಯ ಮರದ ಬುಡಕ್ಕೆ ಕೈ ತೋರಿಸಿದನು. ತೊಗಟೆಯ ಮೇಲೆ ಹಣತೆಯ ಮಸಿ ದಪ್ಪಗೆ ಕಟ್ಟಿತ್ತು. “ಇಲ್ಲಿ ದಿನವೂ ದೀಪವಿಡುವವರು ಯಾರು? ಬೇರೆಯವರ ಮಗುವಿಗೆ ಯಾರಾದರೂ ಮೂರು ವರ್ಷ ದೀಪವಿಡುತ್ತಾರೆಯೇ?”

ಏಚಿಮಯ್ಯರು ಕಣ್ಣು ಮುಚ್ಚಿದರು.

“ನನ್ನ ಮಗನಿಗೆ ದೀಪವಿಡಲು ನನಗೆ ಜಾಗವಿಲ್ಲವಲ್ಲ, ಒಡೆಯ,” ಎಂದಳು ದೇಕವ್ವೆ. “ಹೊಳೆ ಎಲ್ಲಿಗೆ ಒಯ್ದಿತೋ. ಈ ಮಗುವಿಗೂ ತಾಯಿಯಿಲ್ಲ. ಅದಕ್ಕೇ ಇಟ್ಟೆ.”

ಅವಳ ಕಣ್ಣಿನಲ್ಲಿ ಒಂದು ಹನಿಯೂ ಇರಲಿಲ್ಲ. ಹೆತ್ತ ಮಗನ ಎಲುಬಿನ ಮುಂದೆ ಹೆಂಗಸೊಬ್ಬಳು ಹೀಗೆ ನಿಲ್ಲಬಲ್ಲಳೆಂದು ಮಲ್ಲಪಯ್ಯ ಎಣಿಸಲಾರದೆ ಹೋದನು. ಅವನು ಉಡಿದಾರವನ್ನು ಒರೆಸಿ ಸೊಂಟದ ಚೀಲಕ್ಕೆ ಸೇರಿಸಿಕೊಂಡು, “ಮಕ್ಕಳನ್ನೂ ಈ ಹೆಂಗಸನ್ನೂ ಬಿಡಿ,” ಎಂದನು.

ಕಾಟರಸನಿಗೆ ಬೇಕಾದ್ದು ಸಿಕ್ಕಿತ್ತು. ಕುಮಾರ ಬದುಕಿದ್ದಾನೆಂಬ ಆಸೆಯಲ್ಲಿ ಒಳಗೊಳಗೇ ಕುದಿಯುತ್ತಿದ್ದ ಸಾಮಂತರ ಬಾಯಿ ಮುಚ್ಚಿಸಲೆಂದು, ಮರುದಿನ ಆ ಎಲುಬುಗಳನ್ನು ರೇಷ್ಮೆಯಲ್ಲಿ ಸುತ್ತಿ, ಬೆಳ್ಗೊಡೆ ಹಿಡಿಸಿ, ಕಹಳೆಗಳೊಡನೆ ರಾಜಬೀದಿಯಲ್ಲಿ ಮೆರವಣಿಗೆ ಮಾಡಿಸಿ ಹೊಳೆಯ ದಂಡೆಯಲ್ಲಿ ಗಂಧದ ಚಿತೆಗೇರಿಸಿದನು. ಊರಿಗೆ ಊರೇ ಅತ್ತಿತು. ಜನರ ಗುಂಪಿನ ಹಿಂದೆ, ಯಾರಿಗೂ ಏನೂ ಅಲ್ಲದವಳಂತೆ, ದೇಕವ್ವೆ ನಿಂತಿದ್ದಳು.

ರಾಜದ್ರೋಹಿಗೆ ತನ್ನ ಕೃತ್ಯದ ಫಲ ಕಾಣಲೆಂದು ಏಚಿಮಯ್ಯರನ್ನೂ ಸಂಕೋಲೆಯಲ್ಲಿ ಅಲ್ಲಿಗೆ ತಂದಿದ್ದರು. ಅಲ್ಲಿಂದ ನೇರವಾಗಿ ವಧಾಸ್ಥಾನಕ್ಕೆ. ಕಾವಲಿನ ಮುದಿಭಟನೊಬ್ಬ, ತನ್ನ ಮಗನೂ ಅದೇ ಶಾಲೆಯಲ್ಲಿ ಓದಿದವನಾದ್ದರಿಂದ, ಮುಖ ತಿರುಗಿಸಿಕೊಂಡು ದೇಕವ್ವೆಗೆ ದಾರಿ ಬಿಟ್ಟನು.

ಅವಳು ಗಂಡನ ಪಕ್ಕಕ್ಕೆ ಬಂದು ನಿಂತಳು.

“ನಿನ್ನನ್ನು ಒಂದು ಮಾತು ಕೇಳದೆ ಹೋದೆನಲ್ಲ,” ಎಂದರು ಏಚಿಮಯ್ಯರು. “ಮೊದಲೇ ಕೇಳಬೇಕಿತ್ತು.”

“ಕೇಳಿದ್ದರೆ ನಾನು ಒಪ್ಪುತ್ತಿರಲಿಲ್ಲ, ಸ್ವಾಮಿ,” ಎಂದಳು ಅವಳು.

ಆಗ ಅವಳಿಗೆ ಅಳು ಬಂದಿತು. ಸುತ್ತಲಿನವರೆಲ್ಲ ಕುಮಾರನಿಗಾಗಿ ಅಳುತ್ತಿದ್ದರು. ಅವಳ ಅಳುವಿನಲ್ಲಿ ಯಾರೂ ವಿಶೇಷ ಕಾಣಲಿಲ್ಲ. ಏಚಿಮಯ್ಯರು ಸಂಕೋಲೆಯ ಕೈಯನ್ನು ಅವಳ ತಲೆಯ ಮೇಲಿಟ್ಟು, “ಹುಡುಗನಿಗೆ ವ್ಯಾಕರಣ ಅರ್ಧಕ್ಕೆ ನಿಂತಿದೆ. ಯಾರಾದರೂ ಒಳ್ಳೆಯವರ ಬಳಿ ಸೇರಿಸು,” ಎಂದರು. ಮಧ್ಯಾಹ್ನವಾಗುವ ಮೊದಲೇ ಅವರ ತಲೆ ಬಿದ್ದಿತು.

ಸತ್ತವನನ್ನು ಯಾರೂ ಹುಡುಕುವುದಿಲ್ಲ. ತಲೆಯ ಮೇಲೆ ಗಂಟು ಹೊತ್ತ ವಿಧವೆಯೊಬ್ಬಳು ಹುಡುಗನೊಬ್ಬನ ಕೈಹಿಡಿದು ಪಶ್ಚಿಮದ ಬಾಗಿಲಿನಿಂದ ಹೊರಟಾಗ ಕಾವಲುಗಾರರು ಹೆಸರನ್ನೂ ಕೇಳಲಿಲ್ಲ. ಘಟ್ಟದ ಕೆಳಗಿನ ಮಠವೊಂದರಲ್ಲಿ ಅವಳು ಭತ್ತ ಕುಟ್ಟಿ ಅವನನ್ನು ಓದಿಸಿದಳು. ಮಗನ ಎಲುಬುಗಳು ಎದ್ದುಹೋದ ಗುಂಡಿ ಕೆಲವು ದಿನ ಅವಳ ಕಣ್ಣೆದುರು ಬಂದು ನಿಂತಾಗ ಅವನ ಮುಖ ನೋಡಲೂ ಆಗುತ್ತಿರಲಿಲ್ಲ. ಅಂಥ ದಿನಗಳಲ್ಲಿ ಅವನು ತಾನೇ ಬಡಿಸಿಕೊಂಡು ಉಂಡು, ಸದ್ದಿಲ್ಲದೆ ಎದ್ದುಹೋಗುತ್ತಿದ್ದನು.

ವರ್ಷಗಳು ಉರುಳಿದವು. ಕಾಟರಸನ ದಬ್ಬಾಳಿಕೆಗೆ ಬೇಸತ್ತ ಸಾಮಂತರ ನಡುವೆ ಒಂದು ದಿನ ತರುಣನೊಬ್ಬ ಹೋಗಿ ನಿಂತು, ತನ್ನ ಹೆಸರು ಹೇಳಿದನು. ಅವನ ಮುಖದಲ್ಲಿ ಇಂದರಸನನ್ನೇ ಕಂಡ ಮುದುಕರು ಕತ್ತಿ ಕೆಳಗಿಟ್ಟು ಕೈಮುಗಿದರು. ಮರುವರ್ಷದ ಸುಗ್ಗಿಯೊಳಗೆ ಕಾಟರಸನೂ ಮಲ್ಲಪಯ್ಯನೂ ರಣದಲ್ಲಿ ಬಿದ್ದರು. ಪೊನ್ನವತಿಯ ಬಾಗಿಲು ಮಾಚರಸನಿಗೆ ತೆರೆಯಿತು.

ಪಟ್ಟಾಭಿಷೇಕಕ್ಕೆ ಮೊದಲು ಹೊಸ ಅರಸನು ದೇಕವ್ವೆಯನ್ನು ಕರೆದುಕೊಂಡು, ಸಾಮಂತರೊಡನೆ ಬರಿಗಾಲಿನಲ್ಲಿ ಹೊಳೆಯ ದಂಡೆಗೆ ಹೋದನು. ಅಲ್ಲಿ ಕಾಟರಸ ನೆಡಿಸಿದ್ದ ಕಲ್ಲಿನ ಮೇಲೆ ‘ಕುಮಾರ ಮಾಚರಸ’ ಎಂದು ಕೆತ್ತಿತ್ತು. ತನ್ನ ಹೆಸರನ್ನು ಉಳಿಯಿಂದ ತೆಗೆಯಿಸಿ, ಶಿಲ್ಪಿಯನ್ನು ನಿಲ್ಲಿಸಿ, ಅರಸನು ಅವಳತ್ತ ತಿರುಗಿದನು.

“ಅಮ್ಮಾ, ಏನೆಂದು ಕೆತ್ತಿಸಲಿ?”

ಇಷ್ಟು ವರ್ಷ ಯಾರ ಮುಂದೆಯೂ ನುಡಿಯದ ಆ ಹೆಸರು ಬಾಯಿಗೆ ಬರಲು ಅವಳಿಗೆ ಬಹಳ ಹೊತ್ತು ಹಿಡಿಯಿತು. “ಸೋವಣ,” ಎಂದಳು. “ನನ್ನ ಮಗ ಸೋವಣ.”

ಶಿಲ್ಪಿ ಅದನ್ನು ಕೆತ್ತಿದನು. “ತಂದೆಯ ಹೆಸರು, ತಾಯಿ?” ಎಂದು ಕೇಳಿದನು.

ದೇಕವ್ವೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ತಲೆ ತಗ್ಗಿಸಿದಳು. ಗಂಡನ ಹೆಸರನ್ನು ಅವಳು ಎಂದೂ ಬಾಯಲ್ಲಿ ಆಡಿದವಳಲ್ಲ. ಆಗ ನಾಡಿನ ಅರಸನು, ತನ್ನ ಸಾಮಂತರೆಲ್ಲ ನೋಡುತ್ತಿರುವಂತೆ, ಪಾಠಶಾಲೆಯ ಹುಡುಗನ ಹಾಗೆ ಕೈಕಟ್ಟಿ ನೆಟ್ಟಗೆ ನಿಂತು ಗಟ್ಟಿಯಾಗಿ ಹೇಳಿದನು:

“ಏಚಿಮಯ್ಯ ಉಪಾಧ್ಯಾಯರು.”