ಬ್ರಾಕೆಟ್ಟಿನ ಒಳಗಿನವಳು

"ಬ್ರಾಕೆಟ್ಟಿನ ಒಳಗಿನ ಮಾತು ತೆಗೆದುಹಾಕಿದ್ರೂ ನಡೆಯುತ್ತೆ ಅಂದ್ಮೇಲೆ ಬರೆಯೋದ್ಯಾಕೆ ಸಾರ್?"

ಗೌರಿಯ ಪ್ರಶ್ನೆಗೆ ಇಡೀ ತರಗತಿ ತಿರುಗಿ ನೋಡಿತು. ಸಾರಕ್ಕಿಯ ರೈತ ಚಿಕ್ಕಬೈರಪ್ಪನ ಮಗಳು, ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಫೇಲಾಗಿ ಜಯನಗರದ ಟ್ಯುಟೋರಿಯಲ್‌ಗೆ ಅಂದೇ ಸೇರಿದವಳು... ಇಷ್ಟು ಧೈರ್ಯವೇ!

ಮೇಷ್ಟ್ರು ಸೇತುರಾಮ ಬೋರ್ಡಿನ ಮೇಲೆ ತಾನೇ ಹಾಕಿದ್ದ ಬ್ರಾಕೆಟ್ ನೋಡಿ ನಕ್ಕ. "ವಾಕ್ಯಕ್ಕೆ ಅದು ಬೇಡ. ಬರೆಯೋನಿಗೆ ಬೇಕು. ಹೇಳದೆ ಇರೋಕಾಗಲ್ಲ, ಅದಕ್ಕೆ ಮೆಲ್ಲಗೆ ಹೇಳ್ತಾನೆ."

ಆ ನಗು ಗೌರಿಯ ಎದೆಯಲ್ಲಿ ಉಳಿದುಬಿಟ್ಟಿತು. ದಿನ ಕಳೆದಂತೆ ಪಾಠ ಮುಗಿದರೂ ಇಬ್ಬರ ಮಾತು ಮುಗಿಯುತ್ತಿರಲಿಲ್ಲ.

"ಅಮ್ಮನಿಗೆ ನಿನ್ನ ವಿಷಯ ಹೇಳ್ತೀನಿ. ಮನೆಗೆ ಬಾ" ಎಂದು ಅವನೇ ಕರೆದ.

ಬಸವನಗುಡಿಯ ಅವನ ಮನೆ ಮಡಿ-ಮೈಲಿಗೆಯ ಬಿಗಿ ಮನೆ. ಜಗಲಿಯಲ್ಲಿ ಕೂತಿದ್ದ ಸೋದರಮಾವ ಕೇಳಿದರು, "ಯಾರೋ ಈ ಹುಡುಗಿ?"

ಸೇತುರಾಮ ತಡವರಿಸಿದ. ಮಾವನ ಕಿವಿಯತ್ತ ಬಾಗಿ ಇಂಗ್ಲಿಷಿನಲ್ಲಿ ಪಿಸುಗುಟ್ಟಿದ: ಯಾರೂ ಅಲ್ಲ, ಟ್ಯುಟೋರಿಯಲ್ ಹುಡುಗಿ, ಅಷ್ಟೇ.

ಹಳ್ಳಿಯವರ ಮುಂದೆ ಗುಟ್ಟಿನ ಮಾತನ್ನು ಇಂಗ್ಲಿಷಿನಲ್ಲಿ ಆಡುವುದು ಆ ಮನೆಯ ಹಳೇ ರೂಢಿ. ಆ ಇಂಗ್ಲಿಷನ್ನು ಅವಳಿಗೆ ಕಲಿಸಿದವನು ತಾನೇ ಎಂಬುದನ್ನು ಮಹಾರಾಯ ಮರೆತಿದ್ದ!

ಗೌರಿಯ ಕಣ್ಣು ತುಂಬಿತು. ತಲೆ ಮಾತ್ರ ತಗ್ಗಲಿಲ್ಲ.

"ಅರ್ಥ ಆಯ್ತು ಸಾರ್. ನಾನು ಬ್ರಾಕೆಟ್ಟಿನ ಒಳಗಿನವಳು. ಚೆನ್ನಾಗೇ ಕಲಿಸಿದೀರಿ" ಎಂದವಳೇ ಮೆಟ್ಟಿಲಿಳಿದಳು.

ಅಳುತ್ತಾ ಮೂಲೆ ಹಿಡಿದು ಕೂರುವವಳಲ್ಲ ಅವಳು. ಮರುದಿನ ಮುಂದಿನ ಬೆಂಚಿನಲ್ಲೇ ಕೂತಿದ್ದಳು. 'ಪರೀಕ್ಷೆ ನನ್ನದು. ಇವರಿಗೋಸ್ಕರ ನಾನ್ಯಾಕೆ ಬಿಡಲಿ?' ಪಾಠದ ಪ್ರಶ್ನೆಗೆ ಉತ್ತರ ಕೊಟ್ಟಳು, ಬೇರೆ ಒಂದು ಮಾತೂ ಆಡಲಿಲ್ಲ. ಹಟ ಹಿಡಿದು ಓದಿ ಪಾಸೂ ಆದಳು.

ಫಲಿತಾಂಶ ಬಂದ ಸಂಜೆ ಸೇತುರಾಮ ಸೈಕಲ್ ತುಳಿದುಕೊಂಡು ಸಾರಕ್ಕಿಗೆ ಬಂದ. ಚಿಕ್ಕಬೈರಪ್ಪ ಊರಿನ ಹಿರಿಯರ ಜೊತೆ ಕಟ್ಟೆಯ ಮೇಲೆ ಕೂತಿದ್ದ. ಗೌರಿ ಬಾಗಿಲಲ್ಲಿ ನಿಂತಿದ್ದಳು. ಎಲ್ಲರಿಗೂ ಕೇಳುವಂತೆ ಅವನು ಗಟ್ಟಿಯಾಗಿ ಹೇಳಿದ:

"ಚಿಕ್ಕಬೈರಪ್ಪನವರೇ, ನಿಮ್ಮ ಮಗಳನ್ನ ಮದುವೆ ಆಗ್ಬೇಕು ಅಂತಿದೀನಿ. ಮನೇಲಿ ಹೇಳೇ ಬಂದಿದೀನಿ. ಅಮ್ಮ ಅಳ್ತಿದಾರೆ, ಮಾವ ಮಾತು ಬಿಟ್ಟಿದಾರೆ. ಅವತ್ತು ಹೆದರಿದೆ... ತಪ್ಪು ನಂದು. ಇನ್ನು ಹೆದರಲ್ಲ."

ಚಿಕ್ಕಬೈರಪ್ಪ ಮಗಳ ಮುಖ ನೋಡಿದ. "ಏನವ್ವಾ ಅಂತೀಯ?"

"ಮೊದ್ಲು ನಮ್ಮನೇಲಿ ಉಣ್ಲಿ ಅಪ್ಪ. ನಡುಮನೇಲಿ ಕೂತ್ಕೊಂಡು."

ಸೇತುರಾಮ ಚಪ್ಪಲಿ ಬಿಟ್ಟು ಒಳಗೆ ನಡೆದ. ತಟ್ಟೆಗೆ ಬಿಸಿ ಮುದ್ದೆ, ಬಸ್ಸಾರು ಬಿತ್ತು. ತುತ್ತು ಬಾಯಿಗಿಟ್ಟವನು ಅಗಿದ... ಅಗಿಯುತ್ತಲೇ ಇದ್ದ! ಗೌರಿಗೆ ಕೋಪವೆಲ್ಲ ಕರಗಿ ನಗು ಉಕ್ಕಿತು.

"ಮುದ್ದೆ ಅಗೀಬಾರ್ದು ಸಾರ್... ನುಂಗ್ಬೇಕು!"

"ಕಲಿಸು. ಆದ್ರೆ ಸಾರ್ ಅನ್ಬೇಡ ಗೌರಿ."

ಅವಳು ಕೆನ್ನೆ ಕೆಂಪಾಗಿ ತಟ್ಟೆ ಹತ್ತಿರ ಸರಿಸಿದಳು.

"ಇನ್ನೊಂದು ತುತ್ತು ತಗೊಳ್ಳಿ... ರೀ."