ಹತ್ತಿರದಿಂದಲೇ ಬಂದ ಎಲೆಕ್ಟ್ರಾನ್

ಅವನು ಆವತ್ತೂ ನನ್ನನ್ನು ಕಂಡು ದಾರಿ ಬದಲಿಸಿದ.

ಕಾರಿಡಾರಿನ ಆ ತುದಿಯಿಂದ ಕಾಫಿ ಹಿಡಿದು ಬರುತ್ತಿದ್ದವನು, ನಾನು ಕಂಡದ್ದೇ ತಡ, ಪ್ರಿಂಟರ್ ಕೋಣೆಗೆ ನುಗ್ಗಿದ. ಆ ಪ್ರಿಂಟರ್ ಕೆಟ್ಟು ಯಾವ ಕಾಲವಾಗಿತ್ತೋ. ಕೋಪ ಹೇಗೂ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಅಂದು ಅದರ ಜೊತೆ ಅಳುವೂ ಬಂತು.

"ನಿನ್ನ ಪಲ್ಸಾರ್ ಇವತ್ತಾದ್ರೂ ಮಾತಾಡಿದ್ನಾ?" ಫೋನಿನಲ್ಲಿ ಅಕ್ಕ ಕೇಳಿದಳು.

"ಪ್ರಿಂಟರ್ ಹಿಂದೆ ಬಚ್ಚಿಟ್ಕೊಂಡಿದಾನೆ."

"ಸಾಕು ಬಿಡೇ. ಕೆಲಸಕ್ಕೆ ಕರ್ದಿರೋ ಆ ವೀಕ್ಷಣಾಲಯದವ್ರು ಸಂಜೆ ಫೋನ್ ಮಾಡ್ದಾಗ ಹೂಂ ಅಂದ್ಬಿಡು. ಬೇರೆ ಊರು, ದೊಡ್ಡ ಕೆಲಸ. ತಾನಾಗೇ ಮರ್ತುಹೋಗ್ತಾನೆ."

ಹೂಂ ಅನ್ನಲು ನನಗೆ ಮನಸ್ಸಿರಲಿಲ್ಲ. ಆದರೆ ದಿನಾ ಅವನ ಬೆನ್ನು ನೋಡಿಕೊಂಡು ಇಲ್ಲಿರುವುದೂ ನನ್ನಿಂದ ಆಗುತ್ತಿರಲಿಲ್ಲ.

ನಮ್ಮ ಕೆಲಸ ಬಾಹ್ಯಾಕಾಶದಿಂದ ಬರುವ ಎಲೆಕ್ಟ್ರಾನ್‌ಗಳದು. ಉಪಗ್ರಹದಲ್ಲಿರುವ ನಮ್ಮ ಉಪಕರಣಕ್ಕೆ ಬಂದು ಬಡಿಯುವ ಕಣಗಳಲ್ಲಿ ಬಹುಪಾಲು ಪ್ರೋಟಾನ್‌ಗಳು. ಅವು ಎಲೆಕ್ಟ್ರಾನಿನ ವೇಷ ಹಾಕಿಕೊಂಡು ನುಸುಳುತ್ತವೆ. ಹಿಡಿದು ಹೊರಗೆ ಹಾಕುವವಳು ನಾನು. ಅದಕ್ಕೇ ಎಲ್ಲರ ಬಾಯಲ್ಲೂ ನಾನು ವಾಚ್‌ಮನ್ ಮೇಡಂ. ಎಲೆಕ್ಟ್ರಾನ್‌ಗಳು ಹುಟ್ಟಿದ್ದೆಲ್ಲಿ ಎಂದು ಹುಡುಕುವವನು ಅವನು. ಸತ್ತ ಮೇಲೂ ಗಿರಗಿರನೆ ತಿರುಗುವ ಪಲ್ಸಾರ್ ನಕ್ಷತ್ರಗಳ ಮೇಲೆಯೇ ಅವನಿಗೆ ಗುಮಾನಿ, ಹಾಗಾಗಿ ಅದೇ ಹೆಸರು ಅಂಟಿಕೊಂಡಿತು.

ಮೊದಲೆಲ್ಲ ಒಟ್ಟಿಗೇ ಕಾಫಿ ಕುಡಿಯುತ್ತಿದ್ದೆವು. ನನ್ನ ಕಪ್ಪಿನಿಂದ ಒಂದು ಗುಟುಕು ಕದಿಯುವುದು, ನಾನು ಗುರಾಯಿಸಿದರೆ ಕಿಟಕಿ ಕಡೆ ತಿರುಗಿ ನಗುವುದು ಅವನ ಚಾಳಿ. ಆಮೇಲೆ ನಿರ್ದೇಶಕಿ ನಮ್ಮನ್ನು ಎರಡು ತಂಡ ಮಾಡಿದರು. ಎಷ್ಟು ಶಕ್ತಿಯ ಎಲೆಕ್ಟ್ರಾನ್‌ಗಳು ಎಷ್ಟು ಬಂದಿವೆ ಎಂದು ಒಂದೇ ಮಾಹಿತಿಯಿಂದ ಎರಡೂ ತಂಡಗಳು ಬೇರೆ ಬೇರೆಯಾಗಿ ಲೆಕ್ಕ ಹಾಕಬೇಕು. ಫಲಿತಾಂಶ ತೆರೆಯುವ ದಿನದವರೆಗೆ ಒಬ್ಬರ ಗ್ರಾಫು ಇನ್ನೊಬ್ಬರಿಗೆ ತಿಳಿಯಬಾರದು. ಕಾಫಿ ಕುಡಿಯಬಾರದು ಎಂದು ಯಾರೂ ಹೇಳಿರಲಿಲ್ಲ. ಅವನು ಮಾತ್ರ ಅಂದಿನಿಂದ ನನ್ನ ಮುಖ ನೋಡುವುದನ್ನೇ ಬಿಟ್ಟ.

ಫಲಿತಾಂಶ ತೆರೆಯುವ ದಿನ ಅದೇ ಆಗಿತ್ತು. ಮಧ್ಯಾಹ್ನದ ಸಭೆಯಲ್ಲಿ ಎರಡೂ ಗ್ರಾಫುಗಳನ್ನು ಪರದೆಯಲ್ಲಿ ಒಂದರ ಮೇಲೊಂದು ಇಟ್ಟರು. ಒಂದೇ ಗೆರೆ ಎನ್ನುವಷ್ಟು ಕೂಡಿಕೊಂಡವು. ಚಪ್ಪಾಳೆ ಬಿತ್ತು.

"ಇಷ್ಟೊಂದು ಶಕ್ತಿ ಇರೋ ಎಲೆಕ್ಟ್ರಾನ್ ಎಲ್ಲಿಂದ ಬಂತಪ್ಪ?" ನಿರ್ದೇಶಕಿ ಕೇಳಿದರು.

ಅವನು ಎದ್ದು ನಿಂತ. "ದೂರದಿಂದಂತೂ ಅಲ್ಲ ಮೇಡಂ. ದಾರಿಯುದ್ದಕ್ಕೂ ಬೆಳಕು, ಕಾಂತಕ್ಷೇತ್ರ ಎಲ್ಲ ಅದರ ಶಕ್ತಿ ಕಿತ್ಕೊಳ್ತವೆ; ಇಲ್ಲಿಗೆ ಬರೋಷ್ಟರಲ್ಲಿ ಸುಸ್ತಾಗಿರುತ್ತೆ. ಇದು ಹತ್ತಿರದಲ್ಲೇ ಎಲ್ಲೋ ಹುಟ್ಟಿರಬೇಕು. ಪಲ್ಸಾರೋ, ಸಿಡಿದ ನಕ್ಷತ್ರದ ಅವಶೇಷವೋ, ಇನ್ನೂ ಗೊತ್ತಿಲ್ಲ. ಹತ್ತಿರದ್ದಾದ್ರೂ ಕಾಂತಕ್ಷೇತ್ರಕ್ಕೆ ಸಿಕ್ಕಿ ಅಲ್ಲಿಲ್ಲಿ ಸುತ್ತಾಡಿ ಬಂದಿರುತ್ತೆ, ಬಂದ ದಿಕ್ಕು ನೋಡಿ ಊರು ಹೇಳೋಕಾಗಲ್ಲ."

ಹೇಳುವಾಗ ಅವನು ನೋಡುತ್ತಿದ್ದದ್ದು ಪರದೆಯನ್ನಲ್ಲ, ನನ್ನನ್ನು. ನನ್ನ ಕಿವಿ ಬಿಸಿಯಾಯಿತು.

ಸಭೆ ಮುಗಿದಾಗ ಸಂಜೆಯಾಗಿತ್ತು. ಮೆಟ್ಟಿಲ ಬಳಿ ಅವನನ್ನು ಅಡ್ಡಗಟ್ಟಿದೆ. "ಇಷ್ಟು ತಿಂಗಳು ನನ್ನ ಮುಖ ಅಷ್ಟು ಕೆಟ್ಟದಾಗಿ ಕಾಣ್ತಿತ್ತಾ?"

"ಅಯ್ಯೋ, ನಿಮ್ಮ ಮುಖಾನೇ ತೊಂದರೆ!" ಎಂದ. "ಲೆಕ್ಕ ಸರಿ ಬಂದ್ರೆ ಎಡ ಹುಬ್ಬು ಮೇಲೆ ಹೋಗುತ್ತೆ. ಕೈಕೊಟ್ರೆ ಕೆಳತುಟಿ ಕಚ್ಕೋತೀರಿ. ಒಂದ್ಸಲ ನೋಡಿದ್ರೆ ಸಾಕು, ನಿಮ್ಮ ಗ್ರಾಫ್ ಎತ್ತ ಹೋಗ್ತಿದೆ ಅಂತ ಗೊತ್ತಾಗ್ಬಿಡ್ತಿತ್ತು. ಆಮೇಲೆ ನನ್ನದನ್ನೂ ನಿಮ್ಮ ಕಡೆಗೇ ಎಳೀತಿದ್ದೆ. ಅದು ಮೋಸ ಆಗ್ತಿತ್ತು."

"ಅಷ್ಟನ್ನ ಬಾಯಿಬಿಟ್ಟು ಹೇಳೋಕೇನಾಗಿತ್ತು?"

"ಹೇಳ್ಬೇಕಾದ್ರೆ ನಿಮ್ಮನ್ನ ನೋಡ್ಬೇಕಿತ್ತಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಇಷ್ಟು ದಿನ ಕೂಡಿಟ್ಟಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಈ ಪೆದ್ದನನ್ನು ಇಲ್ಲೇ ತಬ್ಬಿಕೊಳ್ಳಬೇಕು ಎನ್ನಿಸಿತು.

"ಹೋಗ್ತಿದೀರಂತೆ," ಅವನ ದನಿ ಸಣ್ಣದಾಯಿತು. "ಹೋಗ್ಬೇಡಿ ಅನ್ನೋ ಆಸೆ ಇದೆ. ಹಕ್ಕಿದೆಯೋ ಇಲ್ವೋ ಗೊತ್ತಿಲ್ಲ."

ಅಷ್ಟರಲ್ಲಿ ನನ್ನ ಫೋನ್ ಬಡಿದುಕೊಂಡಿತು. ಆ ವೀಕ್ಷಣಾಲಯದ ಹಿರಿಯರು.

"ಕ್ಷಮಿಸಿ ಸರ್, ನಾನು ಬರ್ತಿಲ್ಲ," ಎಂದೆ.

"ಛೆ! ಯಾಕಮ್ಮ, ಕೆಲಸ ಇಷ್ಟ ಆಗ್ಲಿಲ್ವಾ?"

"ಹಾಗಲ್ಲ ಸರ್. ಇಲ್ಲಿ ನನ್ನ ಜೊತೆ ಕೆಲಸ ಮಾಡೋರೊಬ್ಬರನ್ನ ಪ್ರೀತಿಸ್ತಿದೀನಿ."

ಪಕ್ಕದಲ್ಲಿದ್ದವನು ಮೆಟ್ಟಿಲಿನ ಕಂಬಿ ಹಿಡಿದುಕೊಂಡ.

ಆ ಕಡೆಯಿಂದ ಹಿರಿಯರ ನಗು ಕೇಳಿಸಿತು. "ಅವ್ರಿಗೆ ಗೊತ್ತೇನಮ್ಮಾ?"

ನಾನು ಅವನ ಕಡೆ ನೋಡಿದೆ.

"ಈಗ ಗೊತ್ತಾಯ್ತು ಸರ್."