ಹೆಸರು ಮಡಚಿದ ಉತ್ತರಪತ್ರಿಕೆ

"ಎರಡು ಅಂಕ ಕೊಟ್ಟಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಮೇಷ್ಟ್ರೇ?"

ಸ್ಟಾಫ್ ರೂಮಿನಲ್ಲಿ ಎಲ್ಲರೆದುರೇ ಅವಳು ಹಾಗೆ ಕೇಳಿದಾಗ ಅವನು ತಲೆ ಎತ್ತಲಿಲ್ಲ. ಇಬ್ಬರೂ ಗಣಿತದವರು. ಅವಳದು ಎ ಸೆಕ್ಷನ್, ಅವನದು ಬಿ. ಹಿಂದಿನ ವಾರವಷ್ಟೇ ಅವನು, "ರಜೆಯಲ್ಲಿ ನಿಮ್ಮಣ್ಣನ ಹತ್ರ ಬಂದು ಮಾತಾಡ್ಲಾ?" ಎಂದಿದ್ದ. ಅವಳು ನಾಚಿಕೊಂಡು ಹ್ಞೂಂ ಅಂದಿದ್ದಳು.

ಪಕ್ಷಪಾತ ಬೇಡವೆಂದು ಆ ಶಾಲೆಯಲ್ಲಿ ಒಬ್ಬರ ತರಗತಿಯ ಉತ್ತರಪತ್ರಿಕೆಗಳನ್ನು ಇನ್ನೊಬ್ಬರು ತಿದ್ದುತ್ತಿದ್ದರು. ಹೆಸರಿರುವ ಮೂಲೆ ಮಡಚಿ ಪಿನ್ ಹೊಡೆದಿರುತ್ತಿತ್ತು. ಹಾಗೆ ಅವನು ತಿದ್ದಿದ ಕಟ್ಟಿನಲ್ಲಿ ಫೇಲಾದವಳು ಒಬ್ಬಳೇ... ಟೀಚರ್‌ಗೆ ಅಚ್ಚುಮೆಚ್ಚಿನ ಶಿಷ್ಯೆ, ಎಲ್ಲರೂ ಗುಬ್ಬಿ ಎಂದು ಕರೆಯುವ ಹುಡುಗಿ.

ಗುಬ್ಬಿಯನ್ನು ಸಾಕುತ್ತಿದ್ದ ಚಿಕ್ಕಪ್ಪನಿಗೆ ಅಷ್ಟೇ ಸಾಕಾಯಿತು. "ಓದಿ ಕಡಿದು ಕಟ್ಟೆ ಹಾಕಿದ್ದು ಸಾಕು" ಎಂದು ಅವಳನ್ನು ಟೈಲರ್ ಅಂಗಡಿಗೆ ಸೇರಿಸಿಬಿಟ್ಟ. ಟೀಚರ್ ಎರಡು ಸಲ ಹೋಗಿ ಅಂಗಲಾಚಿದರೂ ಜಗ್ಗಲಿಲ್ಲ.

ಅಂದಿನಿಂದ ಒಂದು ವರ್ಷ ಮೇಷ್ಟ್ರೊಂದಿಗೆ ಅವಳ ಮಾತಿಲ್ಲ. ಸಿಟ್ಟು ಬಂದರೆ ಅವಳಿಗೆ ಹಿಂದೆಮುಂದೆ ಕಾಣುತ್ತಿರಲಿಲ್ಲ, ಏನು ಮಾಡೋಣ! ಇಷ್ಟಿದ್ದೂ ವರಾಂಡದಲ್ಲಿ ಅವನ ಹೆಜ್ಜೆ ಸಪ್ಪಳ ಕೇಳಿದರೆ ಎದೆ ಹೊಡೆದುಕೊಳ್ಳುತ್ತಿತ್ತು...

ಇಂದು ಅವನು ವರ್ಗವಾಗಿ ಹೊರಟಿದ್ದ. ಐದು ಗಂಟೆಗೆ ಬಸ್. ಬೀಳ್ಕೊಡುಗೆಯ ಟೀಗೂ ಹೋಗದೆ ಅವಳು ರದ್ದಿಗೆ ಹಾಕಬೇಕಾದ ಹಳೆಯ ಉತ್ತರಪತ್ರಿಕೆಗಳನ್ನು ಬಿಚ್ಚಿ ಕೂತಳು. ಗುಬ್ಬಿಯ ದುಂಡು ಅಕ್ಷರ ಕಣ್ಣಿಗೆ ಬಿತ್ತು. ಅಂದು ಸಿಟ್ಟಿನಲ್ಲಿ ಒಟ್ಟು ಅಂಕ ನೋಡಿದ್ದಳೇ ಹೊರತು ಒಳಗಿನ ಪುಟ ತೆರೆದಿರಲಿಲ್ಲ.

ಕೊನೆಯ ಎರಡಂಕದ ಲೆಕ್ಕಕ್ಕೆ ಸೊನ್ನೆ. ಪಕ್ಕದಲ್ಲಿ ಅವನ ಕೈಬರಹ: 'ಉತ್ತರ ಸರಿ. ಕ್ರಮ ಬೇರೆ.'

ಅವಳು ಆ ಸಾಲನ್ನು ಮತ್ತೊಮ್ಮೆ ಓದಿದಳು. ತಿದ್ದುವ ದಿನ ಅವನೇ ಒಂದು ಪತ್ರಿಕೆ ಹಿಡಿದು ಬಂದಿದ್ದ. "ಟೀಚರ್, ಇಲ್ಲೊಂದು ಮಗು ತನ್ನದೇ ದಾರೀಲಿ ಲೆಕ್ಕ ಮಾಡಿದೆ. ಉತ್ತರ ಸರಿಯಿದೆ. ಅಂಕ ಕೊಡ್ಲಾ?"

ಉತ್ತರಸೂಚಿ ಬರೆದವಳು ಅವಳೇ. ತಲೆ ಎತ್ತದೆಯೇ ಹೇಳಿದ್ದಳು, "ಬೇಡ. ಹೇಳಿಕೊಟ್ಟ ಕ್ರಮದಲ್ಲೇ ಇರ್ಬೇಕು. ಎಲ್ರಿಗೂ ಒಂದೇ ನಿಯಮ, ಅದೇ ನ್ಯಾಯ."

'ಅಯ್ಯೋ... ಆ ಸೊನ್ನೆ ಹಾಕಿದ್ದು ನಾನು...'

ಬಸ್ ನಿಲ್ದಾಣಕ್ಕೆ ಅವಳು ಓಡಿದ್ದೇ ಗೊತ್ತು. ಅವನು ಬ್ಯಾಗು ಕಾಲ ಬಳಿ ಇಟ್ಟುಕೊಂಡು ನಿಂತಿದ್ದ. ಅವಳ ಕೈಯಲ್ಲಿದ್ದ ಪತ್ರಿಕೆ ನೋಡಿ ಮುಖ ಬಾಡಿತು.

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಮರುದಿನ ಬೋರ್ಡ್ ಮುಂದೆ ನಿಲ್ತಿದ್ರಾ ನೀವು? ಉಳಿದ ಮಕ್ಕಳ ಗತಿ? ನನ್ನ ಬೈಕೊಂಡಾದ್ರೂ ಪಾಠ ಮಾಡ್ಲಿ ಅನ್ನಿಸ್ತು."

"ಎಲ್ಲರೆದುರು ನನ್ನ ಬೈಗುಳ ತಿಂದ್ರಿ..."

"ಪ್ರೀತಿಸಿದವಳ ಬೈಗುಳ, ಹೇಗೋ ಅರಗಿಸ್ಕೊಂಡೆ. ಆಮೇಲೆ ಮಾತೇ ಬಿಟ್ರಲ್ಲ, ಅದು ಆಗ್ಲಿಲ್ಲ."

ಅವಳು ಅತ್ತುಬಿಟ್ಟಳು. ಸುತ್ತಲಿನ ಜನ ನೋಡುತ್ತಿದ್ದರೂ ಅವಳಿಗೆ ಪರಿವೆಯಿರಲಿಲ್ಲ.

"ನಾನೂ ಪ್ರೀತಿಸ್ತಿದ್ದೆ ಮೇಷ್ಟ್ರೇ. ಸಿಟ್ಟಲ್ಲೂ ಪ್ರೀತಿಸ್ತಿದ್ದೆ. ಆದ್ರೆ ಮೊದ್ಲು ಗುಬ್ಬಿ ಹತ್ರ ಹೋಗ್ಬೇಕು. ನೀನು ಫೇಲಾಗಿರ್ಲಿಲ್ಲ, ತಪ್ಪು ನಂದು ಅಂತ ಅವಳ ಚಿಕ್ಕಪ್ಪನ ಎದುರೇ ಹೇಳ್ಬೇಕು."

"ನಡೀರಿ, ನಾನೂ ಬರ್ತೀನಿ. ಸರಿ ಅಂತ ಗೊತ್ತಿದ್ದೂ ಸೊನ್ನೆ ಬರೆದ ಕೈ ನಂದೇ ತಾನೇ?"

"ನಿಮ್ಮ ಬಸ್?"

"ಹೋಗ್ಲಿ ಬಿಡಿ, ನಾಳೆನೂ ಇದೆ."

ಟೈಲರ್ ಅಂಗಡಿಯ ಬೀದಿ ತಲುಪಿದಾಗ ಅವಳು ಅಲ್ಲೇ ನಿಂತಳು. ಹೊಲಿಗೆ ಯಂತ್ರದ ಮುಂದೆ ಬಾಗಿದ ಪುಟ್ಟ ತಲೆ ದೂರದಿಂದಲೇ ಕಾಣುತ್ತಿತ್ತು.

"ಅವಳು ಕ್ಷಮಿಸ್ದೇ ಹೋದ್ರೆ?"

ಅವನು ಸುಳ್ಳು ಹೇಳಲಿಲ್ಲ. "ಕ್ಷಮಿಸ್ಲಿಕ್ಕಿಲ್ಲ."

"ಆಗ?"

"ಆಗ ನೀವೊಬ್ರೇ ವಾಪಸ್ ನಡ್ಕೊಂಡು ಬರೋದು ಬೇಡ. ನಾನಿರ್ತೀನಿ."